ಮುನಿತಾಯಮ್ಮನ ಪಾಲಿನ ಬಿದಿರು, ಹೆಂಚು

ಮುನಿತಾಯಮ್ಮ ನೆಲಮಂಗಲದ ಕಡೆಯ ಹೆಣ್ಣು. ಮದುವೆಯಾಗಿ ಗುಂಡಸಂದ್ರಕ್ಕೆ ಬಂದಾಗ ಆಕೆಗೆ ಹದಿನಾಲ್ಕು ವರ್ಷವಂತೆ. ಗುಂಡಸಂದ್ರ ಮಧುರೆ ಹೋಬಳಿಯ ಸಣ್ಣ ಹಳ್ಳಿ. ಎರಡನೆಯ ಮಹಾಯುದ್ಧದ ನಡುವಿನ ವರ್ಷಗಳಲ್ಲಿ ನಾನು ಅಲ್ಲಿಯ ಶಾಲೆಗೆ ಮೇಷ್ಟರಾಗಿ ಹೋದಾಗ ಆಕೆ ಮೂವತ್ತೈದರ ಆಸುಪಾಸಿನವಳು. ಗಂಡ ಗೋಪಾಲಪ್ಪ ವಿಷಮಜ್ವರದಲ್ಲಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ಎರಡು ಎಕರೆ ಹೊಲ, ಒಂದು ಎಮ್ಮೆ, ಸೋಗೆ ಹೊದಿಸಿದ ಉದ್ದನೆಯ ಮನೆಯ ಅರ್ಧ ಭಾಗ, ಇಷ್ಟು ಆಕೆಯ ಬದುಕು.

ಆ ಮನೆಯ ಇನ್ನರ್ಧದಲ್ಲಿ ಗಂಡನ ಅಣ್ಣ ರಾಮಾಂಜಿನಪ್ಪನೂ ಅವನ ಹೆಂಡತಿ ಪಾಪಮ್ಮನೂ ಮಕ್ಕಳೊಡನೆ ಇದ್ದರು. ಸೂರು ಒಂದೇ, ಬಾಗಿಲು ಎರಡು, ನಡುವೆ ಎದೆಯುದ್ದದ ಮಣ್ಣಿನ ಗೋಡೆ. ಮೊದಲು ಎಲ್ಲರೂ ಒಟ್ಟಿಗೇ ಇದ್ದವರು. ಗೋಪಾಲಪ್ಪ ಹೋದ ಮೇಲೆ ಓರಗಿತ್ತಿಯರಿಬ್ಬರಿಗೂ ಅಡುಗೆಯ ವಿಷಯದಲ್ಲಿ ಮಾತಿಗೆ ಮಾತು ಬೆಳೆಯಿತು. ಆಗ ಅತ್ತೆ ಸಪ್ಪಲಮ್ಮ ಬದುಕಿದ್ದಳು. ಆಕೆ ಪಂಚಾಯಿತಿಯನ್ನೂ ಕರೆಯಲಿಲ್ಲ, ಕಾಗದವನ್ನೂ ಬರೆಸಲಿಲ್ಲ. ಹಿತ್ತಲಿನಿಂದ ಮೂರು ಗುಂಡುಕಲ್ಲುಗಳನ್ನು ತಂದು ಗೋಡೆಯ ಈಚೆ ಇಟ್ಟು, ಮಣ್ಣು ಮೆತ್ತಿ, ಕಿರಿಯ ಸೊಸೆಗೆ ಬೇರೆ ಒಲೆ ಹಾಕಿಕೊಟ್ಟಳು. ಆ ಕಡೆಯಲ್ಲಿ ಒಂದು ಕುಟುಂಬ ಎರಡಾಗುವುದು ಹಾಗೆಯೇ. ಜಮೀನು ಎಷ್ಟೋ ವರ್ಷ ಒಂದೇ ಖಾತೆಯಲ್ಲಿರಬಹುದು, ಆದರೆ ಒಲೆ ಬೇರೆಯಾದರೆ ಮನೆ ಬೇರೆಯಾದಂತೆ.

ಬೇರೆಯಾದ ಮೇಲೆ ಇಬ್ಬರಿಗೂ ಜಗಳವಿರಲಿಲ್ಲ. ಮುನಿತಾಯಮ್ಮನಿಗಂತೂ ಆ ಅರ್ಧ ಮನೆ ಅರಮನೆಯಾಗಿತ್ತು. ತವರಿನಿಂದ ಯಾರಾದರೂ ಬಂದರೆ, ದಾರಿಹೋಕರು ಜಗಲಿಯ ಮೇಲೆ ಕುಳಿತರೆ, ಒಂದು ಮುದ್ದೆ ಹೆಚ್ಚಿಗೆ ತಿರುವಲು ಆಕೆ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಅವರೆಕಾಯಿಯ ಕಾಲದಲ್ಲಿ ಆಕೆಯ ಮನೆಯ ಮುಂದೆ ಹಾದುಹೋಗುವವರ ನಡಿಗೆ ತಾನಾಗಿಯೇ ನಿಧಾನವಾಗುತ್ತಿತ್ತು. ನನಗೂ ವಾರಕ್ಕೆರಡು ದಿನ ಒಂದು ಚೆಂಬು ಮಜ್ಜಿಗೆ ಬರುತ್ತಿತ್ತು. ಬೇಡವೆಂದರೆ, ಎಮ್ಮೆ ಬೇಜಾರು ಮಾಡಿಕೊಳ್ಳುತ್ತದೆ ಎಂದು ಹೇಳಿ ಇಟ್ಟುಹೋಗುತ್ತಿದ್ದಳು.

ಯುದ್ಧ ಮುಗಿದ ಮರುವರ್ಷ, ಯುಗಾದಿ ಕಳೆದು ಹತ್ತು ಹನ್ನೆರಡು ದಿನಗಳಾಗಿದ್ದವು. ಮಟಮಟ ಮಧ್ಯಾಹ್ನ ಊರಿನ ಮೂಡಲ ಬೀದಿಗೆ ಬೆಂಕಿ ಬಿತ್ತು. ಎಲ್ಲಿಂದ ಹತ್ತಿತೆಂದು ಕೊನೆಗೂ ತಿಳಿಯಲಿಲ್ಲ. ಸೋಗೆಯ ಸೂರುಗಳು ಒಂದಕ್ಕೊಂದು ತಾಗಿಕೊಂಡಿದ್ದವು, ಗಾಳಿಯೂ ಜೋರಾಗಿತ್ತು. ಜನ ಹೊಲಗಳಿಂದ ಓಡಿಬಂದು ಕೊಡ ಹಿಡಿಯುವಷ್ಟರಲ್ಲಿ ಬೀದಿಯ ಈ ತುದಿಯಿಂದ ಆ ತುದಿಗೆ ಬೆಂಕಿ ಹೋಗಿತ್ತು. ದೇವರ ದಯೆಯಿಂದ ಜೀವಹಾನಿಯಾಗಲಿಲ್ಲ. ದನಕರುಗಳೂ ಮೇಯಲು ಹೋಗಿದ್ದವು. ಬೆಂಕಿ ಮುಂದೆ ಹರಡದಂತೆ ಗಂಡಸರು ಹಾರೆ ಗುದ್ದಲಿಗಳಿಂದ ಗೋಡೆಗಳನ್ನು ಕೆಡವಿದರು. ಆ ಗಡಿಬಿಡಿಯಲ್ಲಿ ರಾಮಾಂಜಿನಪ್ಪನ ಮನೆಯ ನಡುಗೋಡೆಯೂ ಬಿತ್ತು. ಸಂಜೆ ನೋಡಿದರೆ ಎರಡು ಮನೆಗಳಿದ್ದ ಕಡೆ ಕರಿಯ ನೆಲದ ಒಂದೇ ದೊಡ್ಡ ಕೋಣೆ ಕಾಣುತ್ತಿತ್ತು.

ಸುಟ್ಟ ಮನೆಯವರೆಲ್ಲ ಊರ ಮುಂದಿನ ಹುಣಸೆ ತೋಪಿನಲ್ಲಿ ಬಿಡಾರ ಮಾಡಿದರು. ಮರುದಿನವೇ ದೊಡ್ಡಬಳ್ಳಾಪುರ ತಾಲ್ಲೂಕಿನ ಅಮಲ್ದಾರರು ಬಂದು ನೋಡಿ ಹೋದರು. ಅವರು ಹೇಳಿದ ಮಾತು ಊರಿಗೆ ಧೈರ್ಯ ತಂದಿತು. ಸುಟ್ಟ ಪ್ರತಿಯೊಂದು ಸಂಸಾರಕ್ಕೂ ಸರ್ಕಾರದ ಕಾಡಿನಿಂದ ಬಿದಿರು ಬಿಟ್ಟಿಯಾಗಿ ಸಿಗುವುದು. ತೊಲೆಗೂ ಹೆಂಚಿಗೂ ಅರ್ಧ ಬೆಲೆ, ಅದನ್ನೂ ಮುಂದಿನ ರಾಗಿ ಸುಗ್ಗಿಯಾದ ಮೇಲೆ ಕೊಟ್ಟರೆ ಸಾಕು. ಆ ದಿನಗಳಲ್ಲಿ ಮೊಳೆ ಕೂಡ ಕಂಟ್ರೋಲಿನಲ್ಲಿತ್ತು; ಅದಕ್ಕೂ ಚೀಟಿ ಕೊಡುವುದಾಗಿ ಹೇಳಿದರು. ಷರತ್ತು ಒಂದೇ: ಮತ್ತೆ ಸೋಗೆ ಹೊದಿಸಕೂಡದು, ಮನೆಗೂ ಮನೆಗೂ ನಡುವೆ ಒಂದು ಗಾಡಿ ಹೋಗುವಷ್ಟು ಓಣಿ ಬಿಡಬೇಕು. ಸಂಸಾರಗಳನ್ನು ಎಣಿಸಿ ಪಟ್ಟಿ ಮಾಡಲು ಹೋಬಳಿಯ ಕಂದಾಯ ನೋಡುವ ಮಧುರೆಯ ಶೇಕದಾರರು ಬರುತ್ತಾರೆ, ಒಲೆಗೊಂದು ಪಾಲು ಎಂದು ತಿಳಿಸಿ ಅವರು ಜೀಪು ಹತ್ತಿದರು.

ಪಟೇಲ ಆದಿನಾರಾಯಣಪ್ಪನವರು ಕೂಡಲೇ ತೋಪಿನಲ್ಲಿ ಸಾರಿದರು: ಶೇಕದಾರರು ನೋಡುವ ತನಕ ಯಾರೂ ಬೂದಿಯನ್ನು ಕೂಡ ಕದಲಿಸಬಾರದು. ಆ ಮಾತು ಮುನಿತಾಯಮ್ಮನ ಕಿವಿಗೆ ಬಿದ್ದಿತೋ ಇಲ್ಲವೋ ತಿಳಿಯದು. ಅತ್ತೆ ಆಕೆಗೆ ಒಂದು ಪದ್ಧತಿಯನ್ನು ಹೇಳಿಕೊಟ್ಟಿದ್ದಳು. ಮನೆ ಸುಟ್ಟರೆ ಮೂರನೆಯ ದಿನ ಸೂರ್ಯ ಹುಟ್ಟುವ ಮೊದಲೇ ಒಲೆಯ ಕಲ್ಲುಗಳನ್ನು ಎತ್ತಿಬಿಡಬೇಕು, ಸೂರಿಲ್ಲದ ಒಲೆಯ ಮೇಲೆ ಬಿಸಿಲು ಬೀಳಬಾರದು. ಬೇರೆ ಹೆಂಗಸರಿಗೂ ಇದು ಗೊತ್ತಿತ್ತು. ಆದರೆ ಪಟೇಲರ ಮಾತಿಗೆ ಹೆದರಿ ಸುಮ್ಮನಿದ್ದರು. ಮುನಿತಾಯಮ್ಮ ಮೂರನೆಯ ದಿನ ಬೆಳಕು ಹರಿಯುವಾಗಲೇ ತನ್ನ ಮೂರು ಕಲ್ಲುಗಳನ್ನು ಎತ್ತಿ, ಹೊಂಗೆಯ ಮರದ ಬುಡದಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿದಳು. ಒಲೆಯಿದ್ದ ಜಾಗವನ್ನು ಗುಡಿಸಿ ಸಗಣಿಯಿಂದ ಸಾರಿಸಿದಳು. ಆಮೇಲೆ ರಾಗಿ ತರುವುದಕ್ಕೆಂದು ಪೆಟ್ರೋಲು ಸಿಗದ ಆ ಕಾಲದ ಇದ್ದಿಲ ಬಸ್ಸು ಹಿಡಿದು ತವರಿಗೆ ಹೋದಳು.

ಶೇಕದಾರರು ಬಂದದ್ದು ಅದರ ಮರುದಿನ. ಒಳ್ಳೆಯ ಮನುಷ್ಯ, ಆದರೆ ನಿಯಮ ಬಿಟ್ಟು ಒಂದು ಹೆಜ್ಜೆಯನ್ನೂ ಇಡದವರು. ನನ್ನ ಅಕ್ಷರ ದುಂಡಗಿದೆಯೆಂದು ಪಟ್ಟಿ ಬರೆಯಲು ನನ್ನನ್ನು ಕರೆದರು. ಒಂದೊಂದು ಮನೆಯಲ್ಲೂ ಒಲೆಯನ್ನು ಕಣ್ಣಾರೆ ನೋಡಿ ಹೆಸರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ರಾಮಾಂಜಿನಪ್ಪನ ಮನೆಯಲ್ಲಿ ಕಂಡದ್ದು ಒಂದೇ ಒಲೆ, ಪಾಪಮ್ಮನದು. ನೀವೂ ತಮ್ಮನ ಮನೆಯವರೂ ಒಟ್ಟಿಗಿದ್ದೀರೋ ಬೇರೆಯೋ ಎಂದು ಶೇಕದಾರರು ಕೇಳಿದರು.

ರಾಮಾಂಜಿನಪ್ಪ ಮರ್ಯಾದಸ್ಥ. ಸತ್ತ ತಮ್ಮನ ಹೆಂಡತಿಯನ್ನು ಬೇರೆ ಇಟ್ಟಿದ್ದೇವೆಂದು ಸರ್ಕಾರದ ಮನುಷ್ಯನ ಮುಂದೆ, ಹತ್ತು ಜನರ ಎದುರಿಗೆ ಹೇಳುವುದು ಅವನಿಗೆ ತಲೆ ತಗ್ಗಿಸುವ ಮಾತಾಗಿ ಕಂಡಿತು. ಅವನು ಎದೆಯುಬ್ಬಿಸಿ, “ನಮ್ದೆಲ್ಲ ಒಂದೇ ಮನೆ ಸ್ವಾಮಿ” ಎಂದುಬಿಟ್ಟ. ಬಂದವರ ಮುಂದೆ ಆ ಊರಿನ ಯಾವ ಹಿರಿಯನಾದರೂ ಹಾಗೆಯೇ ಹೇಳುತ್ತಿದ್ದ. ನಾನು ಲೇಖನಿಯನ್ನು ಹಿಡಿದುಕೊಂಡೇ, ಮುನಿತಾಯಮ್ಮ ಬೇರೆ ಅಡುಗೆ ಮಾಡಿಕೊಳ್ಳುತ್ತಿದ್ದರೆಂದು ಮೆಲ್ಲಗೆ ಹೇಳಿದೆ. ಮನೆಯ ಯಜಮಾನನೇ ಒಂದೆಂದು ಹೇಳುವಾಗ ನಿಮಗೇನು ತೊಂದರೆ ಮೇಷ್ಟ್ರೇ ಎಂದರು ಶೇಕದಾರರು. ನನಗಾಗ ಇಪ್ಪತ್ಮೂರು ವರ್ಷ. ಬಾಯಿ ಮುಚ್ಚಿಕೊಂಡು ಒಂದೇ ಹೆಸರನ್ನು ಬರೆದೆ.

ಐದನೆಯ ದಿನ ಸಂಜೆ ಮುನಿತಾಯಮ್ಮ ತವರಿನ ಗಾಡಿಯಲ್ಲಿ ಎರಡು ಮೂಟೆ ರಾಗಿಯೊಡನೆ ಬಂದಳು. ಸುದ್ದಿಯನ್ನು ಹೇಳಿದವಳು ಪಾಪಮ್ಮನೇ, ಅದೂ ಸಂತೋಷದಿಂದ. ಇನ್ನು ಮೇಲೆ ಒಟ್ಟಿಗೇ ಇರೋಣ, ಹೊಸ ಮನೆಯಲ್ಲಿ ನಿನಗೊಂದು ಮೂಲೆ ಬಿಡುತ್ತೇವೆ ಎಂದಳಂತೆ. ಮುನಿತಾಯಮ್ಮ ಕಾಲು ತೊಳೆದುಕೊಂಡು ನೇರವಾಗಿ ಶಾಲೆಯ ಹತ್ತಿರ ಬಂದಳು.

“ಮೇಷ್ಟ್ರೇ, ಪಟ್ಟೀಲಿ ನನ್ನ ಹೆಸರು ಐತಾ?”

ಇಲ್ಲವೆಂದೆ.

“ಬರೆದೋರು ಯಾರು?”

“ನಾನೇ ಕಣಮ್ಮ.”

“ನಿಮ್ಮ ಅಕ್ಷರ ಬಲು ಚೆಂದ ಅಂತಾರೆ. ಅಳಿಸೋಕೆ ಕಷ್ಟ ಆಗುತ್ತೇನೋ” ಎಂದಳು.

ಬೈದಿದ್ದರೆ ನನಗೆ ಅಷ್ಟು ನಾಟುತ್ತಿರಲಿಲ್ಲ. ಪಟ್ಟಿ ಮರುದಿನ ಸಂಜೆ ಅಮಲ್ದಾರರ ಕಚೇರಿಗೆ ಹೋಗುವುದಿತ್ತು. ಒಮ್ಮೆ ಹೋದರೆ ಬಿದಿರಿನ ಪರವಾನಗಿ, ಹೆಂಚಿನ ಚೀಟಿ ಎಲ್ಲವೂ ಅದರಂತೆಯೇ. ಆಕೆಗೆ ಸೋಗೆಯ ಗುಡಿಸಲು ಕಟ್ಟಿಕೊಳ್ಳುವುದಕ್ಕೂ ಇನ್ನು ಅಪ್ಪಣೆಯಿಲ್ಲ. ಹೆಂಚನ್ನು ಪೂರಾ ಬೆಲೆ ಕೊಟ್ಟು ತರುವ ಶಕ್ತಿ ಇಲ್ಲ. ಬಾವನ ಮನೆಯಲ್ಲಿ ಯಾರೂ ಆಕೆಯನ್ನು ಹಸಿದಿರಲು ಬಿಡುತ್ತಿರಲಿಲ್ಲ, ಅದು ಆಕೆಗೂ ಗೊತ್ತಿತ್ತು. ಆದರೆ ತನ್ನ ಮನೆಗೆ ಬಂದವರಿಗೆ ತಾನೇ ಬಡಿಸುವ ಸುಖ ಅಲ್ಲಿಗೆ ಮುಗಿಯುತ್ತಿತ್ತು.

ಬೆಳಿಗ್ಗೆ ಇಬ್ಬರೂ ನಾಲ್ಕು ಮೈಲಿ ನಡೆದು ಮಧುರೆಯ ಚಾವಡಿಗೆ ಹೋದೆವು. ಶೇಕದಾರರು ಸಮಾಧಾನದಿಂದ ಕೇಳಿಸಿಕೊಂಡರು. ಮೊನ್ನೆ ಒಂದು ಮಾತು, ಇವತ್ತು ಇನ್ನೊಂದು ಮಾತು. ಹೀಗೆ ಬಿಟ್ಟರೆ ನಾಳೆ ಊರೆಲ್ಲ ಮನೆಗೆ ಎರಡೆರಡು ಒಲೆ ಎಂದೀತು. ತಾವು ಕಂಡದ್ದನ್ನಷ್ಟೇ ಬರೆಯುವುದು ಎಂದರು. ಹಾಗಿದ್ದರೆ ಬಂದು ನೋಡಬೇಕು ಎಂದು ಮುನಿತಾಯಮ್ಮ ಹೇಳಿದಳು. ನೋಡುವುದಕ್ಕೆ ಅಲ್ಲಿ ಏನಿದೆಯಮ್ಮ ಎಂದರೆ, ನೆಲ ಇದೆ ಎಂದಳು. ಆ ಉತ್ತರ ಅವರಿಗೆ ವಿಚಿತ್ರವಾಗಿ ಕಂಡಿರಬೇಕು. ಊಟ ಮುಗಿಸಿ ಬೈಸಿಕಲ್ಲಿನಲ್ಲಿ ಬರುವುದಾಗಿ ಒಪ್ಪಿಕೊಂಡರು.

ಮಧ್ಯಾಹ್ನ ಮೂರರ ಹೊತ್ತಿಗೆ ಮೂಡಲ ಬೀದಿಯಲ್ಲಿ ಊರೇ ನೆರೆದಿತ್ತು. ಪಟೇಲರು, ರಾಮಾಂಜಿನಪ್ಪ, ಪಾಪಮ್ಮ ಎಲ್ಲರೂ ಬಂದರು. ಈಗ ಒಂದು ಫಜೀತಿ. ಗಂಡನ ಅಣ್ಣನ ಎದುರಿಗೆ ಆ ಕಡೆಯ ಹೆಂಗಸರು ಪರಗಂಡಸರೊಡನೆ ನೇರವಾಗಿ ಮಾತಾಡುವಂತಿಲ್ಲ; ಊರಿನ ಮೇಷ್ಟರು ಮಾತ್ರ ಆ ಲೆಕ್ಕಕ್ಕಿಲ್ಲ. ಮಧುರೆಯಲ್ಲಿ ಅಷ್ಟು ಧೈರ್ಯವಾಗಿ ಮಾತಾಡಿದ ಮುನಿತಾಯಮ್ಮ ಇಲ್ಲಿ ಬಾವನನ್ನು ಕಂಡ ಕೂಡಲೇ ಸೆರಗನ್ನು ತಲೆಯ ಮೇಲೆಳೆದುಕೊಂಡು, ಮುಖವನ್ನು ನನ್ನ ಕಡೆ ತಿರುಗಿಸಿದಳು. ಶೇಕದಾರರು ಎರಡೇ ಮಾರು ದೂರದಲ್ಲಿದ್ದರು. ಆದರೂ ಆಕೆಯ ಮಾತೆಲ್ಲ ನನ್ನ ಮೂಲಕವೇ ಹೋಗಬೇಕಾಯಿತು.

ಬಾವ ಹೇಳಿದ್ದು ಸುಳ್ಳೇ ಎಂದು ಶೇಕದಾರರು ಕೇಳಿದರು. ರಾಮಾಂಜಿನಪ್ಪನ ಮುಖ ಕಪ್ಪಿಟ್ಟಿತು. ಎಲ್ಲರೂ ಆಕೆಯನ್ನೇ ನೋಡುತ್ತಿದ್ದರು.

“ಮೇಷ್ಟ್ರೇ, ಸಾಹೇಬ್ರಿಗೆ ಹೇಳಿ,” ಎಂದಳು ಮುನಿತಾಯಮ್ಮ. “ನಮ್ಮ ಬಾವ ಸುಳ್ಳು ಹೇಳೋರಲ್ಲ. ಮನೆ ಒಂದೇನೇ. ಒಲೆ ಎರಡು. ಸರ್ಕಾರ ಕೊಡೋದು ಒಲೆಗೆ ತಾನೆ?”

ನಾನು ಹೇಳಿದೆ. “ಕೇಳಿಸ್ತು, ಕೇಳಿಸ್ತು” ಎಂದರು ಶೇಕದಾರರು.

ಅಷ್ಟರಲ್ಲಿ ಪಾಪಮ್ಮ ಗುಂಪಿನಿಂದ ಮುಂದೆ ಬಂದಳು. ಗಂಡನ ತಲೆ ತಗ್ಗಿದ್ದು ಆಕೆಗೆ ಸಹಿಸಲಾಗಲಿಲ್ಲವೋ, ಓರಗಿತ್ತಿ ಅವನ ಮಾನ ಉಳಿಸಿದ್ದು ಮನಸ್ಸಿಗೆ ತಟ್ಟಿತೋ. “ಬೇರೆ ಮಾಡಿದ್ದು ನಾನೇ ಸ್ವಾಮಿ. ಇವಳ ಸಾರು ನನಗೆ ಹಿಡಿಸ್ಲಿಲ್ಲ, ನನ್ನ ಸಾರು ಇವಳಿಗೆ ಹಿಡಿಸ್ಲಿಲ್ಲ. ಹನ್ನೊಂದು ವರ್ಷ ಆಯ್ತು. ಇದರಲ್ಲಿ ನಮ್ಮ ಯಜಮಾನ್ರದ್ದು ಏನೂ ಇಲ್ಲ” ಎಂದಳು.

ಜನ ನಕ್ಕರು. ಪಕ್ಕದ ಮನೆಯ ಪಿಳ್ಳಪ್ಪ, ಇಬ್ಬರ ಸಾರನ್ನೂ ರುಚಿ ನೋಡಿ ತೀರ್ಪು ಹೇಳುವುದಕ್ಕೆ ತಾನು ಸಿದ್ಧ ಎಂದ. ಶೇಕದಾರರು ಮಾತ್ರ ನಗಲಿಲ್ಲ. ಬಾಯಿಮಾತನ್ನು ಬರೆದರೆ ಅಮಲ್ದಾರರು ತಮ್ಮನ್ನು ಕೇಳುತ್ತಾರೆ, ಒಲೆಯ ಗುರುತನ್ನು ತೋರಿಸಿ ಎಂದು ಕಡ್ಡಿ ಮುರಿದಂತೆ ಹೇಳಿದರು.

ಮುನಿತಾಯಮ್ಮ ಹಾರೆ ತರಿಸಿದಳು. ದಿನವೂ ಎರಡು ಹೊತ್ತು ಉರಿದ ಒಲೆಯ ಕೆಳಗಿನ ಮಣ್ಣು ಇಟ್ಟಿಗೆಯಂತೆ ಸುಟ್ಟಿರುತ್ತದೆ, ಅಗೆದು ನೋಡಲಿ ಎಂದು ನನಗೆ ಹೇಳಿದಳು. ಮನೆಯೇ ಸುಟ್ಟಿದೆ, ನೆಲವೆಲ್ಲ ಸುಟ್ಟಿರುವುದಿಲ್ಲವೇ ಎಂದು ಶೇಕದಾರರ ಪ್ರಶ್ನೆ. ಹಾಗಾದರೆ ಮೊದಲು ಬೇರೆಲ್ಲಾದರೂ ಅಗೆಯಿರಿ ಎಂದಳು. ಪಿಳ್ಳಪ್ಪ ಬಾಗಿಲಿದ್ದ ಕಡೆ ಹಾರೆ ಹಾಕಿದ. ಮೇಲೆ ಒಂದು ಬೆರಳಿನಷ್ಟು ಕರಿ, ಅದರ ಕೆಳಗೆ ಹಸಿಯಾದ ಬೂದುಮಣ್ಣು. ಒಂದು ದಿನದ ಬೆಂಕಿ ನೆಲದೊಳಕ್ಕೆ ಇಳಿದಿರಲಿಲ್ಲ. ಆಮೇಲೆ ಪಾಪಮ್ಮನ ಒಲೆಯ ಕೆಳಗೆ ಅಗೆದ. ಅಲ್ಲಿ ಒಂದು ಗೇಣಿನ ತನಕ ಕೆಂಪಗೆ ಗಟ್ಟಿಯಾದ ಮಣ್ಣು ಹೆಂಟೆ ಹೆಂಟೆಯಾಗಿ ಎದ್ದು ಬಂತು. ಶೇಕದಾರರು ಬಗ್ಗಿ ಒಂದು ಹೆಂಟೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಅವರ ಮುಖದಲ್ಲಿ ಮೊದಲ ಬಾರಿಗೆ ಕುತೂಹಲ ಕಂಡಿತು.

ಈಗ ಮುನಿತಾಯಮ್ಮನ ಒಲೆ. ಆಕೆ ಜಾಗ ತೋರಿಸಿದಳು. ಪಿಳ್ಳಪ್ಪ ಅಗೆದ. ಕರಿಯ ಕೆಳಗೆ ಬೂದುಮಣ್ಣು. ಅಂಗೈಯಷ್ಟು ಪಕ್ಕಕ್ಕೆ ಅಗೆದ. ಅಲ್ಲೂ ಬೂದುಮಣ್ಣು. ಗುಂಪಿನಲ್ಲಿ ಪಿಸುಮಾತು ಎದ್ದಿತು. ಸೂರೂ ನಡುಗೋಡೆಯೂ ಇಲ್ಲದ ಮನೆ ಬೇರೆಯದೇ ಅಳತೆಯಾಗಿ ಕಾಣುತ್ತದೆ. ಮೂಲೆ ಯಾವುದು, ನಡುಮನೆ ಯಾವುದು ತಿಳಿಯುವುದಿಲ್ಲ. ಸಗಣಿ ಸಾರಿಸಿದ ಗುರುತನ್ನು ಮೂರು ದಿನಗಳ ಗಾಳಿ ಬೂದಿಯಿಂದ ಮುಚ್ಚಿತ್ತು. ಮುನಿತಾಯಮ್ಮ ಅತ್ತ ಇತ್ತ ನೋಡಿದಳು. ಶೇಕದಾರರು ಗಡಿಯಾರವನ್ನು ತೆಗೆದು ನೋಡಿದರು.

ಹೊರಗೋಡೆಯ ಒಂದು ತುಂಡು ಸೊಂಟದೆತ್ತರಕ್ಕೆ ಇನ್ನೂ ನಿಂತಿತ್ತು. ಅದರಲ್ಲಿ ಉಪ್ಪಿನ ಮಡಕೆ ಇಡುವ ಒಂದು ಗೂಡು. ಮುನಿತಾಯಮ್ಮ ಹೋಗಿ ಆ ಗೋಡೆಯ ಪಕ್ಕದಲ್ಲಿ, ಬೂದಿಯ ಮೇಲೆಯೇ, ಅಡುಗೆಗೆ ಕುಳಿತುಕೊಳ್ಳುವಂತೆ ಒಂದು ಮಂಡಿ ಮಡಚಿ ಕುಳಿತಳು. ಕಣ್ಣು ಮುಚ್ಚಿದಳು. ಎಡಗೈಯನ್ನು ಗೂಡಿಗೆ ಚಾಚಿದಳು. ಬೆರಳು ಸರಿಯಾಗಿ ಅದರ ಅಂಚನ್ನು ಮುಟ್ಟಿತು. ಬಲಗೈಯನ್ನು ಮುಂದೆ ತಂದು, ಸಾರಿನ ಮಡಕೆಯ ಮುಚ್ಚಳ ಎತ್ತುವವಳಂತೆ ಹಿಡಿದು, ಹಾಗೆಯೇ ಕೆಳಗಿಳಿಸಿ ನೆಲದ ಮೇಲಿಟ್ಟಳು.

“ಇಲ್ಲಿ” ಎಂದಳು. ಆ ಮಾತನ್ನು ಆಕೆ ನನಗೆ ಹೇಳಲಿಲ್ಲ. ಬಾವನಿದ್ದಾನೆಂಬುದೂ ಆಕೆಗೆ ಮರೆತಿತ್ತು.

ಪಿಳ್ಳಪ್ಪನಿಗೆ ಬಿಡದೆ ತಾನೇ ಹಾರೆ ತೆಗೆದುಕೊಂಡಳು. ಮೊದಲ ಏಟಿಗೆ ಹಾರೆ ಠಣ್ ಎಂದು ಹಿಂದಕ್ಕೆ ಬಂತು. ಎರಡನೆಯ ಏಟಿಗೆ ಕೆಂಪು ಹೆಂಟೆ ಎದ್ದಿತು. ಹೊಸ ಇಟ್ಟಿಗೆಯ ಬಣ್ಣ, ಅಂಚಿನಲ್ಲಿ ಹೊಗೆಯ ಕಪ್ಪು. ಶೇಕದಾರರು ಮೊಣಕಾಲೂರಿ ಕುಳಿತು, ಜೇಬಿನ ಪೆನ್ಸಿಲನ್ನು ಗುಂಡಿಯಲ್ಲಿ ಇಳಿಸಿ ಅಳೆದರು. ಇಲ್ಲಿ ಅರ್ಧ ಪೆನ್ಸಿಲು. ಪಾಪಮ್ಮನ ಕಡೆ ಹೋಗಿ ಅಳೆದರೆ ಅಲ್ಲಿ ಒಂದೂವರೆ. ಅದು ಅತ್ತೆಯ ಅತ್ತೆಯ ಕಾಲದ ಒಲೆ ಎಂದು ಯಾರೋ ಹೇಳಿದರು. ಹಾಗಾದರೆ ಲೆಕ್ಕ ಸರಿಯಾಗಿದೆ ಎಂದರು ಶೇಕದಾರರು. ಧೂಳು ಕೊಡವಿಕೊಂಡು ಎದ್ದು, “ಬರೀರಿ ಮೇಷ್ಟ್ರೇ. ಗೋಪಾಲಪ್ಪನ ಪತ್ನಿ ಮುನಿತಾಯಮ್ಮ. ಒಲೆ ಒಂದು” ಎಂದರು.

ಪಿಳ್ಳಪ್ಪ ತಲೆ ಕೆರೆದುಕೊಂಡು ಹತ್ತಿರ ಬಂದ. “ಸ್ವಾಮಿ, ನಮ್ಮ ಮನೆ ಬಚ್ಚಲ ಒಲೆ ನಮ್ಮ ತಾತನ ಕಾಲದ್ದು. ಅಗೆದ್ರೆ ಎರಡು ಪೆನ್ಸಿಲ್ ಬರ್ತದೆ. ಅಗೀಲಾ?”

“ಸ್ನಾನಕ್ಕೆ ಸರ್ಕಾರ ಹೆಂಚು ಕೊಡಲ್ಲಪ್ಪ” ಎಂದು ಶೇಕದಾರರು ಆ ದಿನ ಮೊದಲ ಸಲ ನಕ್ಕರು.

ಆ ಹೆಸರನ್ನು ನಾನು ಎಷ್ಟು ಚೆನ್ನಾಗಿ ಬರೆದೆನೋ ಅಷ್ಟು ಚೆನ್ನಾಗಿ ನನ್ನ ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಬೇರೆ ಯಾವ ಹೆಸರನ್ನೂ ಬರೆದಿಲ್ಲ.

ಹದಿನೈದು ದಿನಗಳೊಳಗೆ ಬಿದಿರಿನ ಪರವಾನಗಿ ಬಂತು. ಊರಿನ ಎತ್ತಿನ ಗಾಡಿಗಳೆಲ್ಲ ಸಾಲಾಗಿ ಕಾಡಿಗೆ ಹೋಗಿ ಬಂದವು. ಮುನಿತಾಯಮ್ಮನ ಪಾಲಿನ ನಲವತ್ತು ಬಿದಿರನ್ನು ಹೇರಿಕೊಂಡು ಬಂದದ್ದು ರಾಮಾಂಜಿನಪ್ಪನ ಗಾಡಿಯೇ. ಅದನ್ನು ಇಳಿಸುವಾಗ ಅವನು ತನ್ನ ಪಾಲಿನಲ್ಲಿದ್ದ ನೆಟ್ಟಗಿನ ಬಿದಿರುಗಳನ್ನು ಆರಿಸಿ ಆಕೆಯ ರಾಶಿಗೆ ಹಾಕಿ, ಡೊಂಕಾದವನ್ನು ತನ್ನ ರಾಶಿಗೆ ಎಳೆದುಕೊಂಡದ್ದನ್ನು ನಾನು ಶಾಲೆಯ ಕಿಟಕಿಯಿಂದ ನೋಡಿದೆ. ಹೆಂಚು ಬೆಂಗಳೂರಿನ ಕಾರ್ಖಾನೆಯಿಂದ ಲಾರಿಯಲ್ಲಿ ಬಂತು. ಮೊಳೆ ಮಾತ್ರ ಸಾಲದೆ ಹೋಯಿತು; ಸುಟ್ಟ ಮನೆಗಳ ಬೂದಿಯನ್ನು ಜರಡಿ ಹಿಡಿದು, ಹಳೆಯ ಮೊಳೆಗಳನ್ನು ಹೆಕ್ಕಿ, ಕಲ್ಲಿನ ಮೇಲಿಟ್ಟು ಬಡಿದು ನೇರ ಮಾಡಿದರು.

ಗೋಡೆಯ ಮಣ್ಣನ್ನು ಹೆಂಗಸರೇ ತುಳಿದರು. ಪಾಪಮ್ಮನೂ ಮುನಿತಾಯಮ್ಮನೂ ಒಂದೇ ಗುಂಡಿಯಲ್ಲಿ ಇಳಿದು ತುಳಿಯುವಾಗ, ಹನ್ನೊಂದು ವರ್ಷಗಳ ಮಾತನ್ನೆಲ್ಲ ಒಟ್ಟಿಗೆ ಆಡಿ ಮುಗಿಸುವವರಂತೆ ಕಾಣುತ್ತಿದ್ದರು. ಒಂದು ಸಲ ಪಾಪಮ್ಮ ಕಾಲು ಜಾರಿ ಕೆಸರಿನಲ್ಲಿ ಕುಳಿತುಬಿಟ್ಟಳು. ಇಬ್ಬರೂ ಏಳಲಾರದಷ್ಟು ನಕ್ಕರು.

ರೋಹಿಣಿ ಮಳೆಗೆ ಮೊದಲು ಬೀದಿಯ ಮನೆಗಳೆಲ್ಲ ಎದ್ದು ನಿಂತವು. ಅಣ್ಣನ ಮನೆಗೂ ತಮ್ಮನ ಹೆಂಡತಿಯ ಮನೆಗೂ ನಡುವೆ ಈಗ ಒಂದು ಗಾಡಿ ಹೋಗುವಷ್ಟು ಓಣಿ. ಮುನಿತಾಯಮ್ಮ ಒಲೆ ಹೂಡಿದ ದಿನ ನನ್ನನ್ನೂ ಊಟಕ್ಕೆ ಕರೆದಿದ್ದಳು. ಬಸ್ಸಾರು, ಮುದ್ದೆ, ಹುಚ್ಚೆಳ್ಳಿನ ಚಟ್ನಿ. ಹೆಂಚಿನ ಮನೆಯಲ್ಲಿ ಸೋಗೆಯ ತಂಪು ಇಲ್ಲವೆಂದೂ, ಹೊಗೆ ಹೋಗುವುದಕ್ಕೆ ದಾರಿ ಹುಡುಕುತ್ತದೆಂದೂ ದೂರಿದಳು. ದೂರುವಾಗಲೂ ಮುಖದ ತುಂಬ ನಗುವಿತ್ತು. ನಾನು ಉಂಡು ಜಗಲಿಯ ಮೇಲೆ ಕುಳಿತಿದ್ದೆ.

ಆಗ ಓಣಿಯನ್ನು ದಾಟಿ ರಾಮಾಂಜಿನಪ್ಪ ಬಂದ. ಹೆಗಲ ಮೇಲೆ ಒಗೆದ ಪಂಚೆ, ತಲೆಗೆ ರುಮಾಲು. ಬೇರೊಬ್ಬರ ಮನೆಗೆ ಹೋಗುವವನಂತೆ ಬಂದಿದ್ದ. ಬಾಗಿಲಿನಿಂದ ಎರಡು ಹೆಜ್ಜೆ ಈಚೆಗೆ ನಿಂತು ಕೆಮ್ಮಿದ.

“ಮನೇಲಿ ಯಾರಿದೀರಾ? ಕುಡಿಯೋಕೆ ಒಂದು ಚೆಂಬು ನೀರು ಕೊಡ್ರಮ್ಮ.”

ಮುನಿತಾಯಮ್ಮ ಸೆರಗು ಹೊದ್ದುಕೊಂಡು ಬಂದು, ತುಂಬಿದ ಚೆಂಬನ್ನು ಹೊಸಿಲ ಮೇಲಿಟ್ಟು ಒಳಗೆ ಸರಿದಳು. ನೀರಲ್ಲ, ಮಜ್ಜಿಗೆ. ರಾಮಾಂಜಿನಪ್ಪ ಅದನ್ನು ಎತ್ತಿ ಒಂದೇ ಉಸಿರಿಗೆ ಕುಡಿದು, ಚೆಂಬನ್ನು ಕೆಳಗಿಟ್ಟು, ಮೀಸೆ ಒರೆಸಿಕೊಂಡು ಸೂರನ್ನು ನೋಡಿದ. ಮೂಡಣ ಮೂಲೆಯಲ್ಲಿ ಒಂದು ಹೆಂಚು ಸ್ವಲ್ಪ ಜರುಗಿತ್ತು.

“ಮೇಷ್ಟ್ರೇ, ಈ ಮನೆ ಯಜಮಾನ್ತಿಗೆ ಹೇಳಿ,” ಎಂದ. “ಆ ಮೂಲೆ ಹೆಂಚು ಸರಿ ಮಾಡಿಸ್ಕೊಳ್ಳಲಿ. ಮೋಡ ಕಟ್ಟೈತೆ.”